ತೋಲ್ಕಿನ್ ಕಚ್ಚಿಟ್ಟ ರೊಟ್ಟಿ

ಮಾರ್ಗಿಲಾನ್
ಏಪ್ರಿಲ್ 12, 2006

ನನ್ನ ಕಣ್ಣ ಬೆಳಕು ಮೋಹಿರಾ,

ಸಲಾಂ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಬೈಯಬೇಡ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಕ್ಷೌರಿಕ ನಾನು. ಕೈಯಲ್ಲಿ ಕತ್ತರಿ ಓಡುತ್ತದೆ, ಪೆನ್ನು ಕುಂಟುತ್ತದೆ. ಇಲ್ಲಿ ಎಲ್ಲರೂ ಸೌಖ್ಯ. ನಿನ್ನಮ್ಮ ದಿನಾ ನನ್ನ ಮೇಲೆ ಕೂಗಾಡುತ್ತಾಳೆ, ಅಂದರೆ ಗಟ್ಟಿಮುಟ್ಟಾಗಿದ್ದಾಳೆ. ಅಜ್ಜಿಗೆ ಮಂಡಿನೋವು, ಬಾಯಿಗೇನೂ ಆಗಿಲ್ಲ.

ನೀನು ಕಳಿಸಿದ ಕಾದಂಬರಿಯನ್ನು ನಿನ್ನಮ್ಮ ಅಂಗಡಿಯಲ್ಲೇ ಕೂತು ಓದಿ ಹೇಳಿದಳು. ಮೀಸೆ ಮೂಡದ ಹುಡುಗರು ಯುದ್ಧಕ್ಕೆ ಹೋಗುವ ಕಥೆ. ಮುಖಕ್ಕೆಲ್ಲ ನೊರೆ ಹಚ್ಚಿಸಿಕೊಂಡಿದ್ದ ಸೋದಿಕ್ ಕಾಕಾ, "ಲೋ ಎರ್ಗಾಶ್, ಕತ್ತಿ ಆಮೇಲೆ ಆಡ್ಸು. ಆ ಹುಡುಗ ಬದುಕ್ತಾನಾ ಇಲ್ವಾ, ಮೊದ್ಲು ಕೇಳೋಣ" ಎಂದ.

"ಕಾಕಾ, ಕತ್ತಿ ಇರೋದು ನಿಮ್ ಕತ್ತಿನ ಮೇಲೆ. ಮೊದ್ಲು ನಿಮ್ ಕಥೆ ನೋಡ್ಕೊಳಿ" ಎಂದೆ. ಹುಡುಗ ಬದುಕಲಿಲ್ಲ. ಕಾಕಾ ನೊರೆಯ ಮೇಲೇ ಕಣ್ಣೊರೆಸಿಕೊಂಡ.

ಹೊರಡುವ ದಿನ ಆ ಹುಡುಗ ರೊಟ್ಟಿಯನ್ನು ಒಂದು ಸಲ ಕಚ್ಚಿ ಹೋಗುತ್ತಾನೆ. ಬಂದು ಮುಗಿಸಲಿ ಎಂದು ಉಳಿದದ್ದನ್ನು ತಾಯಿ ಮೊಳೆಗೆ ನೇತುಹಾಕುತ್ತಾಳೆ. ಆ ರೊಟ್ಟಿ ದೇಶದ ಸಂಕೇತ ಎಂದು ನಿನ್ನ ಮೇಷ್ಟ್ರು ಹೇಳಿದರಂತೆ. ನಮ್ಮ ಗೋಡೆಯ ಮೇಲೂ ಅಂಥದೇ ಒಂದು ತೂಗುತ್ತಿದೆಯಲ್ಲ, ಅಜ್ಜಿಯನ್ನೇ ಕೇಳಿದೆ.

"ಸಂಕೇತ ಅಂದ್ರೆ ಏನೋ?"

"ಒಂದನ್ನ ತೋರ್ಸಿ ಇನ್ನೊಂದನ್ನ ಹೇಳೋದಮ್ಮ."

"ಹಂಗೆಲ್ಲ ಏನಿಲ್ಲ. ಅದು ನನ್ ತೋಲ್ಕಿನ್ ರೊಟ್ಟಿ, ಅಷ್ಟೇ."

ಕಾದಂಬರಿಯ ಕೊನೆಯಲ್ಲಿ ತಾಯಿ ರೊಟ್ಟಿಯನ್ನು ಪುಡಿಮಾಡಿ ಹಕ್ಕಿಗೆ ಹಾಕುತ್ತಾಳಲ್ಲ, ಅದು ಮಾತ್ರ ಶುದ್ಧ ಸುಳ್ಳು. ನಿನ್ನ ಚಿಕ್ಕಪ್ಪ ತೋಲ್ಕಿನ್ ಅಫ್ಘಾನಿಸ್ತಾನದ ಯುದ್ಧದಿಂದ ಸತುವಿನ ಶವಪೆಟ್ಟಿಗೆಯಲ್ಲಿ ಬಂದು ಇಪ್ಪತ್ತು ವರ್ಷ ದಾಟಿತು. ಅಜ್ಜಿ ಇಂದಿಗೂ ಪ್ರತಿ ಶುಕ್ರವಾರ ರೊಟ್ಟಿ ಇಳಿಸಿ, ಧೂಳು ಒರೆಸಿ, ಕಚ್ಚಿದ ಜಾಗಕ್ಕೆ ಮುತ್ತಿಟ್ಟು, ಮತ್ತೆ ಮೊಳೆಗೆ ಹಾಕುತ್ತಾಳೆ.

ಅದರ ಫೋಟೊ ತೆಗೆದು, 'ನನ್ನ ಚಿಕ್ಕಪ್ಪ ಕಚ್ಚಿಟ್ಟ ರೊಟ್ಟಿ' ಎಂದು ಪ್ರಬಂಧದಲ್ಲಿ ಹಾಕಲೇ ಎಂದು ಕೇಳಿದ್ದೀಯ. ಬೇಡ ಮಗಳೇ. ಬೇರೆ ಏನಾದರೂ ಬರಿ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ದಾರಿ ಬೆಳ್ಳಗಿರಲಿ, ಅಲ್ಲಾಹ್ ಕಾಯಲಿ.

ನಿನ್ನ ಅಪ್ಪ
ಎರ್ಗಾಶ್

ತಾ.ಕ.: ಯಾಕೆ ಬೇಡ ಎಂದು ಹೇಳದೆ ಕಾಗದ ಮಡಚಲು ಆಗುತ್ತಿಲ್ಲ. ಆಗ ಗೋಡೆಯ ಮೇಲೆ ಎರಡು ರೊಟ್ಟಿಗಳಿದ್ದವು, ಸೈನ್ಯಕ್ಕೆ ಹೊರಟಾಗ ನಾನು ಕಚ್ಚಿಟ್ಟದ್ದೊಂದು, ತೋಲ್ಕಿನ್‌ನದೊಂದು. ನಾನು ರಷ್ಯಾದಲ್ಲಿ ಸೈನ್ಯದ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಾಗ ತೋಲ್ಕಿನ್ ತನ್ನದನ್ನು ಕಚ್ಚಿ ಹೋಗಿದ್ದ. ನಾನು ಊರಿಗೆ ಬಂದ ದಿನ ಅಂಗಳದ ತುಂಬ ಜನ, ನನ್ನಮ್ಮ ಪಲಾವಿನ ಕಡಾಯಿಯ ಹತ್ತಿರ. ಅವಳೇ ಇಳಿಸಿ ಕೊಡಬೇಕು, ಅದು ಪದ್ಧತಿ. ಗೆಳೆಯರನ್ನು ನಗಿಸಬೇಕೆಂದು ನಾನೇ ಒಂದನ್ನು ಕಿತ್ತು, ಚಹಾದಲ್ಲಿ ಅದ್ದಿ, ಕುಣಿಯುತ್ತಾ ಪೂರ್ತಿ ತಿಂದೆ. ಆಮೇಲೆ ತಲೆಯೆತ್ತಿದರೆ, ಉಳಿದ ರೊಟ್ಟಿಯ ಕಚ್ಚಿನ ನಡುವೆ ಒಂದು ಚೂರು ಹಾಗೇ ನಿಂತಿತ್ತು. ನನ್ನ ಮುಂದಿನ ಹಲ್ಲು ಅರ್ಧ ಮುರಿದಿದೆಯಲ್ಲ, ಅದರ ಗುರುತು. ನಾನು ತಿಂದದ್ದು ತೋಲ್ಕಿನ್‌ನದು. ಹತ್ತೊಂಬತ್ತನೇ ದಿನ ಅವನ ಪೆಟ್ಟಿಗೆ ಬಂತು.

ಅಮ್ಮ ಮುತ್ತಿಡುವುದು ನಾನು ಕಚ್ಚಿದ ಜಾಗಕ್ಕೆ. ಅವಳು ಇರುವವರೆಗೂ ಈ ಕಾಗದವನ್ನು ಮನೆಗೆ ತರಬೇಡ.