ಎರಡು ಬಾಣದ ಪಾಠ

ಭಾನುವಾರ, ಬೆಳಿಗ್ಗೆ

ನನ್ನ ಚಿನಕುರುಳಿಗೆ, ಅಮ್ಮನಿಂದ ಬೊಗಸೆ ತುಂಬ ಮುತ್ತು.

ಫೋನಿನಲ್ಲಿ ಪರೀಕ್ಷೆ ಎಂಬ ಮಾತು ಬಂದರೆ ಸಾಕು, ಪಟ್ಟನೆ ಇಟ್ಟುಬಿಡುತ್ತೀಯ. ಕಾಗದದ ಬಾಯಿ ಮುಚ್ಚಿಸುವುದು ಅಷ್ಟು ಸುಲಭವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ದೊಡ್ಡಮ್ಮನ ಸ್ಟುಡಿಯೋದಲ್ಲಿ ಫೋಟೋಗೆ ಫ್ರೇಮ್ ಹಾಕುವುದನ್ನು ಕಲಿತೆಯಂತೆ. ನಿನ್ನ ಕೈ ಚುರುಕು ಎಂದು ಅಕ್ಕ ಹೊಗಳಿದಳು. ಹೆಮ್ಮೆಯೂ ಆಯಿತು, ಪುಸ್ತಕ ಬಿಟ್ಟ ಕೈ ಅದು ಎಂದು ಬೇಸರವೂ ಆಯಿತು.

ಮೊನ್ನೆ ನಿಮ್ಮ ಕೆಮಿಸ್ಟ್ರಿ ಮೇಡಂ ನನ್ನ ಹೊಲಿಗೆ ಅಂಗಡಿಗೆ ಬಂದಿದ್ದರು. ಆಸಿಡ್ ಬಿದ್ದು ಅವರ ಲ್ಯಾಬ್ ಕೋಟಿನ ತೋಳು ಜರಡಿಯಾಗಿತ್ತು. ಅಳತೆ ನೋಡುತ್ತ ಕೇಳಿಯೇಬಿಟ್ಟೆ: ಮಗಳ ಪುಸ್ತಕದಲ್ಲಿ ಒಂದರ ಮೇಲೊಂದು ಎರಡು ಬಾಣ ಇವೆ, ಒಂದು ಅತ್ತ, ಒಂದು ಇತ್ತ, ಅದೇನದು? (ಹೌದು, ನಿನ್ನ ಪುಸ್ತಕ ಓದುತ್ತಿದ್ದೆ. ಬೈಯಬೇಡ. ಮೇಜು ಒರೆಸುವಾಗ ತೆರೆದದ್ದು, ಆಮೇಲೆ ಮುಚ್ಚಲಾಗಲಿಲ್ಲ.) ಅವರು ನಗಲಿಲ್ಲ. "ಬಾಯಲ್ಲಿ ಹೇಳಿದ್ರೆ ತಿಳಿಯಲ್ಲ, ಶನಿವಾರ ಲ್ಯಾಬಿಗೆ ಬನ್ನಿ" ಎಂದರು.

ಹೋದೆ ಕಣೇ. ನೀನು ಕೂರುತ್ತಿದ್ದ ಸ್ಟೂಲಿನ ಮೇಲೇ ಕೂರಿಸಿದರು. ಐಸಿನಿಂದ ತೆಗೆದ ಗಾಜಿನ ಕೊಳವೆಯಲ್ಲಿ ಗುಲಾಬಿ ಬಣ್ಣದ ದ್ರಾವಣ. ಬಿಸಿನೀರಿನಲ್ಲಿ ಇಳಿಸಿದರು, ನೋಡನೋಡುತ್ತ ನೀಲಿಯಾಯಿತು. ಐಸಿನಲ್ಲಿಟ್ಟರು, ಮತ್ತೆ ಗುಲಾಬಿ. ಏನೂ ಸೇರಿಸಲಿಲ್ಲ, ಏನೂ ತೆಗೆಯಲಿಲ್ಲ. ಬಟ್ಟೆಯ ಬಣ್ಣ ಹೋಗುವುದನ್ನು ಬೇಕಾದಷ್ಟು ಕಂಡಿದ್ದೇನೆ, ಹೋದದ್ದು ಬರುವುದನ್ನು ಕಂಡದ್ದು ಇದೇ ಮೊದಲು.

ಆಮೇಲೆ ಸ್ವಲ್ಪ ಹೊತ್ತು ಮೇಜಿನ ಮೇಲೆ ಬಿಟ್ಟರು. ನಡುವಿನ ನೇರಳೆ ಬಣ್ಣಕ್ಕೆ ಬಂದು ನಿಂತಿತು. "ಈಗ ಕೆಲಸ ಮುಗೀತು, ನಿಂತೋಯ್ತು ಅಲ್ವಾ?" ಎಂದೆ, ಭಾರಿ ಜಾಣೆಯ ಹಾಗೆ.

"ನಿಂತಿಲ್ಲ. ಗುಲಾಬಿ ಎಷ್ಟು ವೇಗವಾಗಿ ನೀಲಿ ಆಗ್ತಿದೆಯೋ, ನೀಲಿ ಅಷ್ಟೇ ವೇಗವಾಗಿ ಗುಲಾಬಿ ಆಗ್ತಿದೆ. ಅದಕ್ಕೇ ನಮ್ಮ ಕಣ್ಣಿಗೆ ನಿಂತ ಹಾಗೆ ಕಾಣುತ್ತೆ. ಸಮತೋಲನ ಅಂದ್ರೆ ಅದೇ, ಆ ಎರಡು ಬಾಣ ಹೇಳೋದೂ ಅದನ್ನೇ" ಎಂದರು ಮೇಡಂ.

ತರಗತಿಯ ಪರೀಕ್ಷೆಯಲ್ಲಿ ನೀನೂ ಕ್ರಿಯೆ ನಿಂತುಹೋಗುತ್ತದೆ ಎಂದೇ ಬರೆದಿದ್ದೆಯಂತೆ. "ಅರ್ಧ ಕ್ಲಾಸು ಹಾಗೇ ಬರೆಯುತ್ತೆ. ಆದ್ರೆ ಯಾಕೆ ತಪ್ಪು ಅಂತ ಬಂದು ಕೇಳಿದ್ದು ನಿಮ್ಮ ಮಗಳು ಒಬ್ಬಳೇ" ಎಂದರು. ನನ್ನ ಕಣ್ಣು ತುಂಬಿತು. ಲ್ಯಾಬಿನ ಘಾಟು ಎಂದು ಸುಳ್ಳು ಹೇಳಿದೆ.

ಊಟಕ್ಕೆ ಕುಳಿತಾಗ ನಿನ್ನಪ್ಪನಿಗೆ ಇದೆಲ್ಲ ಹೇಳಿದೆ. ನೀನು ಫೇಲಾದ ದಿನ ಅವರು "ಓದೋದು ನಿನ್ನ ಕೈಲಾಗೋ ಕೆಲಸ ಅಲ್ಲ" ಎಂದದ್ದು ನಿನ್ನೆದೆಯಲ್ಲಿ ಮುಳ್ಳಾಗಿ ಕುಳಿತಿದೆ, ಗೊತ್ತು. ಈಗಲೂ ನಿನ್ನ ಹೆಸರೆತ್ತುವುದಿಲ್ಲ. ಆದರೆ ತುತ್ತು ಕೈಯಲ್ಲೇ ಹಿಡಿದು ಕೇಳಿಸಿಕೊಂಡರು. "ತಣ್ಣಗೆ ಮಾಡಿದ್ರೆ ಮೊದಲಿನ ಬಣ್ಣಕ್ಕೇ ಬರುತ್ತಾ?" ಎಂದರು. ಬರುತ್ತದೆ, ಆದರೆ ಯಾರಾದರೂ ಐಸಿನಲ್ಲಿಡಬೇಕು ಎಂದೆ. ತಟ್ಟೆಯಲ್ಲೇ ಕೈತೊಳೆದು ಎದ್ದರು. ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮುಂದೆ ನಿಂತು ನಿಂತು ಇವರೂ ಕಬ್ಬಿಣವಾಗಿದ್ದಾರೆ ಎಂದುಕೊಂಡೆ.

ಮರುಪರೀಕ್ಷೆಗೆ ಅರ್ಜಿ ಹಾಕಲು ಶುಕ್ರವಾರ ಕೊನೆ. ಬಾ ಎಂದು ಜುಲುಮೆ ಮಾಡುವುದಿಲ್ಲ. ಸ್ಟುಡಿಯೋ ಕೆಲಸವೇ ನಿನಗಿಷ್ಟವಾದರೆ ನಾನೇ ಬಂದು ನಿನ್ನ ಕೈಯಲ್ಲಿ ಫೋಟೋ ತೆಗೆಸಿಕೊಳ್ಳುತ್ತೇನೆ. ಕೈಲಾಗುವುದಿಲ್ಲ ಎಂದು ಮಾತ್ರ ಬಿಡಬೇಡ. ನನ್ನ ಮಂದ ತಲೆಗೇ ಅರ್ಧ ಪಾಠ ಹತ್ತಿತು. ಇನ್ನರ್ಧಕ್ಕೆ ನೀನು ಬೇಕು.

ದಿನಾ ನಿನ್ನ ದಾರಿ ನೋಡುವ
ಅಮ್ಮ

ತಾ.ಕ.: ಲಕೋಟೆಗೆ ಅಂಚೆಚೀಟಿ ಇಲ್ಲ, ನೋಡಿದೆಯಾ? ಡಬ್ಬಿಗೆ ಹಾಕಿ ಬನ್ನಿ ಎಂದರೆ ನಿನ್ನಪ್ಪ, "ನಾನೇ ಕೊಟ್ಟು ಬರ್ತೀನಿ" ಎಂದು ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದಾರೆ. ಇದನ್ನು ದೊಡ್ಡಮ್ಮನ ಕೈಗಿತ್ತು ತಾವು ರಸ್ತೆಯಲ್ಲೇ ಉಳಿದಿರುತ್ತಾರೆ. ತಪ್ಪಾಯಿತು ಎನ್ನಲು ಅವರ ನಾಲಿಗೆ ಹೊರಳುವುದಿಲ್ಲ. ಹೋಗಿ ಒಳಗೆ ಕರಿ.