ಲೀಸಿಗೆ ಹೋದ ಬೈಗುಳ

ಕೋಣನಕುಂಟೆ
ಗುರುವಾರ, ೧೨ ಫೆಬ್ರವರಿ ೨೦೨೬

ಪ್ರೀತಿಯ ಮೊಮ್ಮಗಳು ಹೇಮಶ್ರೀಗೆ,

ಹೇಗಿದ್ದೀಯ ಪುಟ್ಟಿ? ಹೈದರಾಬಾದಿನ ಖಾರ ಹೊಟ್ಟೆಗೆ ಒಗ್ಗಿತೋ, ಇಲ್ಲ ಮಜ್ಜಿಗೆಯಲ್ಲೇ ಕಾಲ ಹಾಕುತ್ತಿದ್ದೀಯೋ? ಫೋನ್ ಮಾಡಿದರೆ "ಡೆಡ್‌ಲೈನು ತಾತ, ಆಮೇಲ್ ಮಾಡ್ತೀನಿ" ಅಂತ ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಅರ್ಧಕ್ಕೇ ಕಟ್ ಮಾಡಲು ಬರುವುದಿಲ್ಲವೆಂಬ ಧೈರ್ಯದಿಂದ ಸ್ಪೀಡ್ ಪೋಸ್ಟಿನ ಮೊರೆ ಹೋಗಿದ್ದೇನೆ. ಇಲ್ಲಿ ನಾವೆಲ್ಲ ಸೌಖ್ಯ. ಅಜ್ಜಿಯ ಮಂಡಿನೋವು ಇದ್ದಲ್ಲೇ ಇದೆ. ನಾಲಿಗೆ ಮಾತ್ರ ದೇವರ ದಯೆಯಿಂದ ಚೆನ್ನಾಗಿ ಓಡಾಡುತ್ತಿದೆ. ಅವರೆಕಾಯಿ ಕಾಲ ಮುಗಿಯುತ್ತಾ ಬಂತು. ನಿನ್ನ ಪಾಲಿನ ಹಿದುಕಿದ ಬೇಳೆ ಫ್ರೀಜರಿನಲ್ಲಿದೆ, ಅದಕ್ಕೆ ನಾನೇ ಕಾವಲು.

ಸೋಮವಾರ ನೀನು ಆ ಡಬ್ಬದ ಕಂಪನಿಯವರ ಜೊತೆ ನಿನ್ನ ಆಟದ ನಾಲ್ಕನೇ ಭಾಗಕ್ಕೂ ಸಹಿ ಹಾಕುತ್ತೀಯಂತೆ ಎಂದು ನಿಮ್ಮಪ್ಪ ಹೇಳಿದ. ಅದಕ್ಕೇ ಈ ಅವಸರ. ಟಿವಿಗೆ ಸಿಕ್ಕಿಸಿ ಆಡುವ ಅದನ್ನು 'ಗೇಮಿಂಗ್ ಕನ್ಸೋಲ್' ಅನ್ನಬೇಕು, ಗೊತ್ತು. ಅಜ್ಜಿ ಡಬ್ಬ ಅನ್ನುತ್ತಾಳೆ. ಈ ಮನೆಯಲ್ಲಿ ಅದೇ ಕಾನೂನು.

ನಿನ್ನ 'ಕೊಡದೋಟ' ಮೊದಲು ಬಂದ ಕಾಲ ನೆನೆಸಿಕೋ. ನೀರಿನ ಟ್ಯಾಂಕರ್ ಬಂತೆಂದು ಒಬ್ಬ ಮುದುಕಿ ಎರಡು ಕೊಡ ತುಂಬಿಸಿಕೊಂಡು ಗಲ್ಲಿಯಲ್ಲಿ ಓಡುವುದು. ದಾರಿಗೆ ಅಡ್ಡ ಸ್ಕೂಟರು, ಬೀದಿನಾಯಿ, ಅಗೆದು ಮರೆತ ರಸ್ತೆ. ನೀರು ಚೆಲ್ಲಿದರೆ ಮುದುಕಿ "ನಿನ್ ಮನೆ ಕಾಯ್ವೋಗಾ!" ಅಂತ ಕೂಗುವುದು. ಆಟ ನಿನ್ನದು, ಬೈಗುಳ ನಿನ್ನ ಅಜ್ಜಿ ಮುನಿವೆಂಕಟಮ್ಮನದು. ಬಚ್ಚಲುಮನೆಯಲ್ಲಿ ಚೆನ್ನಾಗಿ ಗುಂಯ್‌ಗುಡುತ್ತದೆಂದು ಅಲ್ಲೇ ಕೂರಿಸಿ ರೆಕಾರ್ಡ್ ಮಾಡಿಕೊಂಡೆಯಲ್ಲ! ಮೊದಲೆರಡು ಭಾಗ ಎಲ್ಲರ ಫೋನಿನಲ್ಲೂ ಇದ್ದವು. ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಹೆಂಡತಿಯ ದನಿ ಕೇಳಿ ನಾನು ಬೆಚ್ಚಿ ಎದ್ದುನಿಂತದ್ದುಂಟು. ಅಜ್ಜಿ ತರಕಾರಿಗೆ ಹೋದರೆ ಬೈಸಿಕೊಳ್ಳಲು ಜನ ಸಾಲು ನಿಲ್ಲುತ್ತಿದ್ದರು. ಐವತ್ತು ವರ್ಷ ನಾನು ಪುಕ್ಕಟೆ ಪಡೆದದ್ದಕ್ಕೆ ಅಷ್ಟು ಬೆಲೆಯಿದೆಯೆಂದು ಅಂದೇ ತಿಳಿದದ್ದು.

ಮೂರನೇ ಭಾಗಕ್ಕೆ ಡಬ್ಬದವರು ಬಂದು, ಒಂದು ವರ್ಷ ಆಟ ನಮ್ಮ ಡಬ್ಬ ಬಿಟ್ಟು ಬೇರೆಲ್ಲೂ ಕಾಣಿಸಕೂಡದು, ಅದಕ್ಕೆ ಇಡಿಗಂಟು ಮೊದಲೇ ಕೊಡುತ್ತೇವೆ ಅಂದಾಗ ಮನೆಯವರೆಲ್ಲ ಒಕ್ಕೊರಲಿನಿಂದ ಹೇಳಿದ್ದು ಒಂದೇ ಮಾತು: ಲೀಸು! ರಾಗಿ ಹೊಲದಲ್ಲಿ ಬಾಡಿಗೆ ಮನೆ ಬೆಳೆದವರು ನಾವು. ತಿಂಗಳು ತಿಂಗಳು ಬಾಡಿಗೆಗೆ ಬಾಗಿಲು ಬಡಿಯುವುದಕ್ಕಿಂತ ಲೀಸಿನ ಗಂಟು ವಾಸಿ ಎನ್ನುವುದು ನಮ್ಮ ವೇದವಾಕ್ಯ. ಸುಳ್ಳು ಹೇಳಬಾರದು, ಆ ಗಂಟಿನಿಂದಲೇ ನಿನ್ನ ಜೊತೆಯ ಹುಡುಗರಿಗೆ ಸಂಬಳವಾಯಿತು. ಆಟದ ನೀರೂ ನಮ್ಮ ನಲ್ಲಿಯಲ್ಲಿ ಎಂದೂ ಬರದಷ್ಟು ಶುದ್ಧವಾಗಿ ಹೊಳೆಯಿತು.

ಆದರೆ ಮುಂದೆ ಆದದ್ದು ಕೇಳು. ನಮ್ಮ ಬೀದಿಗೆಲ್ಲ ಆ ಡಬ್ಬ ಇರುವುದು ನಮ್ಮ ಮನೆಯೊಂದರಲ್ಲೇ. ಮೊದಲ ವಾರ ಊರಿಗೆ ಊರೇ ನಮ್ಮ ಹಾಲಿನಲ್ಲಿ. ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡಿ ಯಾರೋ ದಾರಿಹೋಕರು ಸತ್ಯನಾರಾಯಣ ಪೂಜೆಯೆಂದು ಒಳಬಂದು, ಕೈಕಟ್ಟಿ ಕೂತು, ಕೊನೆಗೆ "ಪ್ರಸಾದ ಎಷ್ಟೊತ್ತಿಗೆ?" ಅಂದರು. ಎರಡನೇ ವಾರ ಜನ ಕರಗಿದರು. ಹೂವಿನ ಶ್ರೀದೇವಿ, ಎರಡನೇ ಭಾಗವನ್ನು ಮಾಲೆ ಕಟ್ಟುತ್ತಲೇ ಮುಗಿಸಿದವಳು, "ದಿನಾ ನಿಮ್ಮನೇಗ್ ಬಂದು ಆಡಕ್ಕೆ ನಾಚ್ಕೆ ಆಗುತ್ತೆ ಅಜ್ಜಿ, ಫೋನಿಗ್ ಬಂದಾಗ ಹೇಳಿ" ಅಂದಳು. ಒಂದು ಕೊಡ ಓಡಿಸುವುದಕ್ಕಾಗಿ ಯಾರು ತಾನೆ ಡಬ್ಬ ಕೊಂಡಾರು?

ಅಜ್ಜಿಯ ದನಿಯೂ ಕರಾರಿಗೆ ಸೇರಿದೆ ಎಂದು ನೀನು ಒಮ್ಮೆ ಹೇಳಿದ್ದೆಯಲ್ಲ, ಅದನ್ನವಳು ಶಾಸನವೆಂದು ತಿಳಿದಿದ್ದಾಳೆ. ತರಕಾರಿ ವೇಣು ಫೋನ್ ಹಿಡಿದು "ಒಂದ್ ಸಲ ಬೈರಿ ಅಜ್ಜಿ, ಸ್ಟೇಟಸ್‌ಗೆ ಹಾಕ್ತೀನಿ" ಅಂದರೆ, "ನನ್ ಬೈಗ್ಳ ಲೀಸ್‌ಗೆ ಕೊಟ್ಬಿಟ್ಟಿದ್ದೀವಿ ಕಣಪ್ಪ" ಅಂದುಬಿಟ್ಟಳು. ಮರುದಿನ ಅವನು ಕೊಳೆತ ಟೊಮೇಟೊ ಹಾಕಿದಾಗಲೂ ಹಲ್ಲುಕಚ್ಚಿ ಸುಮ್ಮನೆ ಬಂದಳು. ಹೆದರಿದ ವೇಣು ಸಂಜೆ ಮನೆಗೇ ಬಂದು "ಅಜ್ಜಿಗೆ ಹುಷಾರಿಲ್ವಾ ಸಾರ್?" ಎಂದು ವಿಚಾರಿಸಿದ.

ನಿನ್ನ ಕೊಡ ಒಳಗೆ ಬೀಗದಲ್ಲಿದ್ದಾಗ ಹೊರಗೆ ಯಾರೋ 'ಬಿಂದಿಗೆ ರಾಣಿ' ಎಂಬ ಆಟ ಬಿಟ್ಟಿದ್ದಾರೆ. ಅದೇ ಟ್ಯಾಂಕರು, ಅದೇ ಗಲ್ಲಿ. ಮುದುಕಿಗೊಂದು ನೈಟಿ ತೊಡಿಸಿದ್ದಾರೆ. ನೀರು ಚೆಲ್ಲಿದರೆ ಉಪ್ಪುಹುಳಿಯಿಲ್ಲದೆ "ಅಯ್ಯಯ್ಯೋ" ಅನ್ನುತ್ತಾಳೆ. ಈಗ ಎಲ್ಲರ ಫೋನಿನಲ್ಲೂ ಅದೇ. ಹೋದ ವಾರ ಮಕ್ಕಳು ನಿನ್ನ ಅಜ್ಜಿಯನ್ನು ಕಂಡು "ಏಯ್, ಬಿಂದಿಗೆ ಅಜ್ಜಿ ಬಂದ್ರು!" ಅಂದವು. ಅಂದು ರಾತ್ರಿ ಅವಳು ಮುದ್ದೆ ಮುಟ್ಟಲಿಲ್ಲ.

ಮೇಲಿನ ಮನೆಯ ಸೋಮಲಿಂಗಪ್ಪನವರನ್ನೇ ನೋಡು. ಲೀಸಿಗೆ ಬಂದವರು, ದೇವರಂಥ ಮನುಷ್ಯ. ಆದರೂ ನಮ್ಮದೇ ತಾರಸಿಯಲ್ಲಿ ಸಂಡಿಗೆ ಹಾಕಲು ಅವರನ್ನು ಕೇಳಬೇಕು. "ಇವತ್ತು ನಮ್ದು ಹಪ್ಪಳ ಐತ್ರಿ, ನಾಳೆ ಬರ್ರಿ" ಅನ್ನುತ್ತಾರೆ. ಹೋಗಲಿ, ಲೀಸಿನ ಮೂರು ವರ್ಷ ಕಳೆದರೆ ತಾರಸಿ ಅಲ್ಲೇ ಇರುತ್ತದೆ. ಆಡುವ ಜನ ಹಾಗೆ ಇರುತ್ತಾರೆಯೇ ಪುಟ್ಟಿ? ವರ್ಷ ಮುಗಿದು ನೀನು ಬೀಗ ತೆಗೆಯುವ ಹೊತ್ತಿಗೆ ಅವರು ಪಕ್ಕದ ಬೀದಿಯಲ್ಲಿ ಸಂಸಾರ ಹೂಡಿರುತ್ತಾರೆ. ಡಬ್ಬದವರು ಬೇಕಾದರೆ ಮೊದಲ ಪಂಕ್ತಿಯಲ್ಲಿ ಕೂತು ಉಣ್ಣಲಿ, ಮೂರು ತಿಂಗಳು. ಆಮೇಲೆ ಎಲ್ಲರಿಗೂ ಎಲೆ ಹಾಕು. ಗಂಟು ಸ್ವಲ್ಪ ಸಣ್ಣದಾದೀತು, ಆಗಲಿ.

ಶಿವರಾತ್ರಿಯ ನೆಪದಲ್ಲಿ ಹೊಟ್ಟೆ ಕಾಯಿಸಬೇಡ. ನಿನ್ನ ಕೊಡ ತುಳುಕದಿರಲಿ ಎಂದು ಹರಸಲು ಹೊರಟಿದ್ದೆ. ಬೇಡ, ಆಗಾಗ ತುಳುಕಲಿ. ತುಳುಕಿದರೆ ತಾನೇ ನಿನ್ನ ಅಜ್ಜಿಗೆ ಕೆಲಸ.

ಇಂತಿ ನಿನ್ನ ತಾತ,
ಚಿಕ್ಕಬೈರಪ್ಪ

ತಾ.ಕ.: ಲಕೋಟೆ ಅಂಟಿಸಲು ಎರಡು ಅಗುಳು ಅನ್ನ ತರೋಣವೆಂದು ಈಗ ಅಡುಗೆಮನೆಗೆ ಹೋದೆ. ನಿನ್ನ ಅಜ್ಜಿ ಗೋಡೆಗೆ ಮುಖಮಾಡಿ, ಸೆರಗಿನೊಳಗೆ ಫೋನ್ ಹಿಡಿದು 'ಬಿಂದಿಗೆ ರಾಣಿ' ಆಡುತ್ತಿದ್ದಾಳೆ! ಸಿಕ್ಕಿಬಿದ್ದ ಮೇಲೂ ನಾಚಿಕೆಯಿಲ್ಲ. "ಇನ್ನೇನ್ ಮಾಡ್ಲಿ? ನಾನು ಆ ಡಬ್ಬದೊಳಗ್ ಕೂತಿದೀನಿ, ಇವ್ಳು ಕೈಗ್ ಸಿಕ್ತಾಳೆ" ಅಂದಳು. ನೈಟಿಯವಳು "ಅಯ್ಯಯ್ಯೋ" ಅಂದಾಗಲೆಲ್ಲ ಇವಳು ಪಕ್ಕದಲ್ಲಿ ಮೆಲ್ಲಗೆ "ನಿನ್ ಮನೆ ಕಾಯ್ವೋಗಾ" ಎಂದು ಸೇರಿಸುತ್ತಿದ್ದಾಳೆ. ನಿನ್ನ ನಾಯಕಿ ಎದುರು ಪಕ್ಷಕ್ಕೆ ಪುಕ್ಕಟೆ ದುಡಿಯಲು ಶುರುಮಾಡಿದ್ದಾಳೆ, ಪುಟ್ಟಿ. ಸೋಮವಾರ ಪೆನ್ನಿನ ಮುಚ್ಚಳ ತೆಗೆಯುವ ಮೊದಲು ಅವಳಿಗೊಂದು ಫೋನ್ ಮಾಡು. ಎತ್ತಲು ತಡವಾದರೆ ಕಾಯು, ಆಟದ ಮಧ್ಯೆ ಇರುತ್ತಾಳೆ.