ಮನೆ ಹೋದ ಮೇಲಿನ ಬಾಕಿ

ಬಾಡ, ಕುಮಟಾ
೧೮ ನವೆಂಬರ್ ೨೦೨೪

ರಂಜಿತಾಳ ಅಪ್ಪನಿಗೆ ವಿನುತಾಳ ನಮಸ್ಕಾರ.

ಆರೋಗ್ಯ ಹೇಗಿದೆ? ರತ್ನಾಗಿರಿಯ ಬಂದರಿನಲ್ಲಿ ಭಾವನನ್ನು ಕಂಡೆ ಎಂದು ನನ್ನ ತಮ್ಮ ಅನೂಪ ಹೇಳಿದಾಗ ನಾನು ಮೊದಲು ಕೇಳಿದ್ದೂ ಅದನ್ನೇ. ಸೊರಗಿದ್ದಾರೆ, ಗಡ್ಡ ಬಿಟ್ಟಿದ್ದಾರೆ, ಬೋಟಿನವರಿಗೆ ಅಡುಗೆ ಮಾಡಿಕೊಂಡಿದ್ದಾರೆ ಎಂದ. ಅಡುಗೆಯ ಮಾತು ರಂಜಿತಾ ನಂಬಲೇ ಇಲ್ಲ. ಚಾ ಕುದಿಸಲು ಇಟ್ಟು ಒಲೆಯೆಲ್ಲ ಉಕ್ಕಿಸುತ್ತಿದ್ದವರಲ್ಲವೇ ನೀವು. ಹೊಸ ಫೋನ್ ನಂಬರನ್ನು ಅವನಿಗೂ ಕೊಡಲಿಲ್ಲವಂತೆ. ಅವನು ಇವತ್ತು ಮತ್ತೆ ಅಲ್ಲಿಗೆ ಹೊರಟಿದ್ದಾನೆ, ಅದಕ್ಕೇ ಈ ಪತ್ರ. ನಾವಿಬ್ಬರೂ ಅಮ್ಮನ ಮನೆಯಲ್ಲಿ ಚೆನ್ನಾಗಿದ್ದೇವೆ. ರಂಜಿತಾ ಒಂಬತ್ತನೆಯ ತರಗತಿ, ಬಸ್ಸಿನಲ್ಲಿ ಕುಮಟೆಗೆ ಹೋಗಿ ಬರುತ್ತಾಳೆ. ನಾನು ತದಡಿಯಲ್ಲಿ ಮೀನು ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದೇನೆ. ಬರ್ಫಿನ ತಂಡಿಗೆ ಕೈ ಮರಗಟ್ಟುತ್ತದೆ, ಉಳಿದಂತೆ ತೊಂದರೆ ಇಲ್ಲ.

ಹೊನ್ನಾವರದ ಮನೆಯ ಸುದ್ದಿ ನಿಮಗೆ ಗೊತ್ತಿರುವುದು ಬಾಗಿಲಿಗೆ ನೋಟಿಸು ಅಂಟಿಸಿದ ದಿನದವರೆಗೆ ಮಾತ್ರ. ಮರುದಿನವೇ ನೀವು ಹೋದಿರಿ. ನಮ್ಮ ಸಿಗಡಿ ಸಾಕುವ ಕೆರೆಗೆ ರೋಗ ಬಿದ್ದು ಸಾಲದ ಕಂತು ನಿಂತಿದ್ದು ನಿಮ್ಮ ತಪ್ಪಲ್ಲ ಎಂದು ಆಗಲೇ ಹೇಳಿದ್ದೆ. ಏಪ್ರಿಲಿನಲ್ಲಿ ಬ್ಯಾಂಕಿನವರು ಹರಾಜು ಹಾಕಿದರು, ಭಟ್ಕಳದವರೊಬ್ಬರು ಕೊಂಡರು. ಬ್ಯಾಂಕಿನವರ ಎದುರಿಗೆ ಕೀಲಿಕೈ ಕೊಡಲು ನಾನೇ ಹೋದೆ. ಪಂಪಿನ ಸ್ವಿಚ್ಚು ಯಾವುದೆಂದು ಆ ಮನೆಯ ಹೆಂಗಸು ಕೇಳಿದಳು, ತೋರಿಸಿದೆ. ಮಳೆಗಾಲದಲ್ಲಿ ಹಿಂದಿನ ಬಾಗಿಲು ಉಬ್ಬುತ್ತದೆ, ಸ್ವಲ್ಪ ಎತ್ತಿ ಎಳೆಯಬೇಕು ಎಂದೂ ಹೇಳಿದೆ. ಬಸ್ಸಿನಲ್ಲಿ ಕೂತ ಮೇಲೆ ಅಳು ಬರಬಹುದು ಅಂದುಕೊಂಡಿದ್ದೆ, ಬರಲಿಲ್ಲ. ಮನೆಯೊಂದಿಗೆ ಸಾಲವೂ ಹೋಯಿತಲ್ಲ ಎಂದು ಹಗುರವೇ ಆಯಿತು.

ಆದರೆ ಸಾಲ ಹೋಗಿರಲಿಲ್ಲ. ಜೂನಿನಲ್ಲಿ ಇನ್ನೊಂದು ನೋಟಿಸು ಬಂತು. ಬ್ಯಾಂಕಿಗೆ ಹೋದೆ. ಸಾಲ ವಸೂಲಿ ನೋಡುವ ಪವಿತ್ರಾ ಎಂಬ ಮೇಡಂ ಒಳ್ಳೆಯವರು, ಕೂರಿಸಿ ತಿಳಿಸಿ ಹೇಳಿದರು. ಹರಾಜಿನಲ್ಲಿ ಬಂದದ್ದು ಅಸಲು, ಬಡ್ಡಿ, ಹರಾಜಿನ ಖರ್ಚು ಎಲ್ಲಕ್ಕೂ ಸಾಲಲಿಲ್ಲ, ಇನ್ನೂ ನಾಲ್ಕು ಲಕ್ಷ ಉಳಿದಿದೆ. "ಮನೆ ಹೋತು ಅಂದ್ರೆ ಸಾಲ ಹೋತು ಅಂತಲ್ಲ ಅಕ್ಕಾ. ನೀವು ಕೊಡದಿದ್ರೆ ಜಾಮೀನುದಾರರು ಕೊಡ್ಬೇಕು" ಎಂದರು. ಜಾಮೀನು ಹಾಕಿದವರು ಬಸ್‌ಸ್ಟ್ಯಾಂಡಿನ ಹತ್ತಿರ ಚಾ ಹೋಟೆಲಿನ ಮಹಾಗಣಪತಣ್ಣ ಎಂಬುದು ಆ ಗಳಿಗೆಯವರೆಗೆ ನನಗೆ ಮರೆತೇ ಹೋಗಿತ್ತು.

ಸೀದಾ ಅವರ ಮನೆಗೆ ಹೋದೆ. ನನಗಿಂತ ಮೊದಲೇ ನೋಟಿಸು ಅಲ್ಲಿಗೆ ಹೋಗಿತ್ತು. ಅವರ ಖಾತೆಯಿಂದ ಹಣ ತೆಗೆಯದಂತೆ ಬ್ಯಾಂಕಿನವರು ತಡೆ ಹಾಕಿದ್ದರು. ನಾಗಿ ಅತ್ತಿಗೆ ನನ್ನನ್ನು ಒಳಗೆ ಕರೆಯಲಿಲ್ಲ. "ಮನೆ ಕಟ್ಟಿದ್ದು ನೀವು, ಕಳ್ಕಂಡದ್ದೂ ನೀವು. ನಮ್ಮ ದುಡ್ಡು ಎಂತಕೆ ಹಿಡಿದ್ರು?" ಎಂದು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಒಳಗಿನಿಂದ ಅಣ್ಣ, "ಸಹಿ ಮಾಡುವಾಗ ನಾ ಎಂತ ಕಣ್ಮುಚ್ಚಿ ಕೂತಿದ್ನ? ಸುಮ್ನಿರೇ" ಎಂದರು. ಆಮೇಲೆ ಎರಡು ತಿಂಗಳು ಅತ್ತಿಗೆ ನನ್ನೊಡನೆ ಮಾತಾಡಲಿಲ್ಲ. ಬ್ಯಾಂಕಿಗೆಂದು ಹೊನ್ನಾವರಕ್ಕೆ ಹೋದಾಗ ದಾರಿಯಲ್ಲಿ ಕಂಡರೆ ಛತ್ರಿ ಅಡ್ಡ ಹಿಡಿಯುತ್ತಿದ್ದರು.

ಸಾಲದ ಕಾಗದಕ್ಕೆ ನಿಮ್ಮ ಜೊತೆ ನಾನೂ ಸಹಿ ಹಾಕಿದ್ದೆನಲ್ಲ, ಅದರಿಂದ ನನ್ನ ಅರ್ಜಿ ನಡೆಯಿತು. ಒಂದೇ ಸಲಕ್ಕೆ ಕಟ್ಟಿದರೆ ಬಡ್ಡಿ ಬಿಟ್ಟು ಅರ್ಧಕ್ಕೆ ಮುಗಿಸಬಹುದು ಎಂದು ಪವಿತ್ರಾ ಮೇಡಮ್ಮೇ ದಾರಿ ತೋರಿಸಿದ್ದರು. ಬ್ಯಾಂಕಿನವರು ಮೂರು ಸಲ ಅಲೆಸಿದರು, ಕೊನೆಗೆ ಒಪ್ಪಿದರು. ನನ್ನ ಬಳೆಗಳು ಹೋದವು, ಅಮ್ಮ ಸ್ವಲ್ಪ ಕೊಟ್ಟಳು, ಉಳಿದದ್ದೂ ಹೇಗೋ ಒದಗಿತು. ಸೆಪ್ಟೆಂಬರಿನಲ್ಲಿ ಕಟ್ಟಿ ಬಂದೆ. ಬಾಕಿ ಇಲ್ಲ ಎಂದು ಬ್ಯಾಂಕು ಕೊಟ್ಟ ಕಾಗದದ ಝೆರಾಕ್ಸ್ ಇದರ ಜೊತೆಗಿದೆ. ಇನ್ನು ನಿಮ್ಮನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ. ಹೆಸರು ಹೇಳಲು ಅಂಜಬೇಕಾಗಿಲ್ಲ, ಗಡ್ಡವನ್ನೂ ತೆಗೆಯಬಹುದು. ಬರುವುದು ಬಿಡುವುದು ನಿಮ್ಮ ಮನಸ್ಸು. ನಾನು ಒತ್ತಾಯ ಮಾಡುವುದಿಲ್ಲ.

ಅಮ್ಮ ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾಳೆ. ರಂಜಿತಾ ಬೇರೆ ಚೀಟಿ ಬರೆದು ಅಂಟಿಸಿದ್ದಾಳೆ, ನಾನು ಓದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ
ವಿನುತಾ

ತಾ.ಕ.: ಅನೂಪ ಗಡಿಬಿಡಿ ಮಾಡುತ್ತಿದ್ದಾನೆ. ನಿಮಗೆ ತಿಳಿಸಬಾರದೆಂದು ಒಬ್ಬರು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ, ಆದರೂ ಬರೆಯುತ್ತೇನೆ. ಬ್ಯಾಂಕಿಗೆ ಕಟ್ಟಲು ಉಳಿದ ಹಣ ಕೊಟ್ಟವರು ಮಹಾಗಣಪತಣ್ಣ. ಮಗಳು ಪ್ರಿಯಾಳ ನರ್ಸಿಂಗಿಗೆ ಎಂದು ಸೊಸೈಟಿಯಲ್ಲಿ ಬೇರೆಯಾಗಿ ಇಟ್ಟಿದ್ದ ಹಣ ಅದು. ಅವಳು ಈ ವರ್ಷ ಭಟ್ಕಳದಲ್ಲಿ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದಾಳೆ. ನಾನು ತಿಂಗಳಿಗಿಷ್ಟು ಎಂದು ಕೊಡುತ್ತಿದ್ದೇನೆ. ಅಣ್ಣ ಮುಟ್ಟುವುದಿಲ್ಲ, ಅತ್ತಿಗೆ ತೆಗೆದುಕೊಳ್ಳುತ್ತಾರೆ, ಈಗ ಮಾತೂ ಆಡುತ್ತಾರೆ. ನೀವು ಹಣ ಕಳಿಸುವುದಾದರೆ ನನಗೆ ಬೇಡ, ಅಲ್ಲಿಗೆ ಕಳಿಸಿ. ಅದಕ್ಕೂ ಮೊದಲು ಅವರಿಗೊಂದು ಫೋನ್ ಮಾಡಿ. ಹೋದಾಗಲೆಲ್ಲ "ವಿನೋದ ಫೋನ್ ಮಾಡಿದ್ನ?" ಎಂದಷ್ಟೇ ಕೇಳುತ್ತಾರೆ. ಇಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಅವರಿಗೆ ಮೊದಲು ಮಾಡಿ, ನನಗೆ ಆಮೇಲೆ ಮಾಡಿದರೂ ಆತು.